ಕಾಲ್ಚೆಂಡಿನ ಗುರು ಅಬ್ದುಲ್ ರಹೀಂ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳು 1956ರ ಅಕ್ಟೋಬರ್ ತಿಂಗಳ ಕೊನೆಯವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿನ ಶಾಲೆಗಳಲ್ಲಿ ಉರ್ದು ಭಾಷೆಗೇ ಪ್ರಾಧಾನ್ಯವಿತ್ತು. ಉನ್ನತ ವಿದ್ಯೆಯನ್ನು ಬಯಸಿದ ಈ ಭಾಗದ ತರುಣರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದತ್ತ ನೋಡುತ್ತಿದ್ದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯ ಕಾಲ್ಚೆಂಡಿನ ತಂಡದಲ್ಲಿ ಆಡಿ, ಮುಂದೆ ಭಾರತದ ತಂಡಕ್ಕೇ ಗುರುವಾದವರು ಸೈಯದ್ ಅಬ್ದುಲ್ ರಹೀಂ.

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಅವರು ಆರಿಸಿಕೊಂಡದ್ದು ಉಪಾಧ್ಯಾಯ ವೃತ್ತಿಯನ್ನು. ಕಾಚಿಗುಡ, ಚಾದರಘಾಟ್ ಮೊದಲಾದೆಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿಯೂ ತರಬೇತಿ ಪಡೆದು ಮಕ್ಕಳನ್ನು ಆಟದ ಬಯಲಿಗೆ ಇಳಿಸಿದರು. ಸಂಜೆಯ ವೇಳೆ ತಾವೂ ಆಡುತ್ತಿದ್ದರು. 1940ರ ದಶಕದಲ್ಲಿ ಹೈದರಾಬಾದು ಕಾಲ್ಚೆಂಡು ಸಂಘದ ಕಾರ್ಯದರ್ಶಿಯ ಹೊಣೆ ಅವರ ಹೆಗಲೇರಿತು.

ಅವರು ಏರ್ಪಡಿಸಿದ ಪಂದ್ಯಗಳು ವಿಚಿತ್ರವಾಗಿದ್ದವು. ಒಂದು ಬಗೆಯ ಪಂದ್ಯದಲ್ಲಿ ಹುಡುಗರು ತಮಗೆ ಒಗ್ಗದ ಕಾಲಿನಿಂದಲೇ ಚೆಂಡನ್ನು ಒದೆಯಬೇಕಾಗಿತ್ತು. ಬಲಗಾಲಿನ ಆಟಗಾರನು ಎಡಗಾಲನ್ನೂ, ಎಡಗಾಲಿನವನು ಬಲಗಾಲನ್ನೂ ಪಳಗಿಸದೆ ಅಲ್ಲಿ ಗೆಲ್ಲುವಂತಿರಲಿಲ್ಲ. ಇನ್ನೊಂದರಲ್ಲಿ ಚೆಂಡನ್ನು ಕಾಲಲ್ಲಿ ಆಡಿಸುತ್ತ ಎದುರಾಳಿಗಳನ್ನು ಒಬ್ಬೊಬ್ಬರಾಗಿ ವಂಚಿಸಿ ಸಾಗುವುದಕ್ಕೇ ನಿಷೇಧ. ಚೆಂಡು ಬಂದೊಡನೆ ಜೊತೆಗಾರನಿಗೆ ಸಾಗಿಸಬೇಕು. ಪ್ರೇಕ್ಷಕರ ಚಪ್ಪಾಳೆಯೆಲ್ಲ ಒಬ್ಬನೇ ಓಡಿ ಮೆರೆಯುವ ಆಟಗಾರನಿಗೆ ಸಲ್ಲುತ್ತಿದ್ದ ಕಾಲದಲ್ಲಿ ಇಂಥ ನಿಯಮವನ್ನು ವಿಧಿಸಲು ಧೈರ್ಯವೇ ಬೇಕಾಗಿತ್ತು.

ಈ ಶಿಕ್ಷಣದ ಫಲವು ಹೈದರಾಬಾದು ನಗರ ಪೊಲೀಸ್ ತಂಡದಲ್ಲಿ ಕಂಡಿತು. ರಹೀಮರ ಮಾರ್ಗದರ್ಶನದಲ್ಲಿ ಆ ತಂಡವು 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅಷ್ಟರಲ್ಲಿ ಭಾರತ ತಂಡದ ಕರೆಯೂ ಬಂದಿತ್ತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಅಂತಿಮ ಪಂದ್ಯದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ಬೆಂಗಳೂರಿನ ಅಹಮದ್ ಖಾನರು ಆ ತಂಡದಲ್ಲಿದ್ದರು.

ಆದರೆ ಮರುವರ್ಷವೇ ದೊಡ್ಡ ಪೆಟ್ಟು ಬಿದ್ದಿತು. ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯವು ಭಾರತವನ್ನು 10–1ರಿಂದ ಸೋಲಿಸಿತು. ಅಲ್ಲಿಯ ಚಳಿಯಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಆ ಬಳಿಕ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ರಹೀಮರಾದರೋ ಸೋಲಿನಿಂದ ಎದೆಗುಂದದೆ, ಆ ಕಾಲದಲ್ಲಿ ಜಗತ್ತನ್ನೇ ಬೆರಗುಗೊಳಿಸಿದ್ದ ಹಂಗೆರಿ ದೇಶದವರ ಆಟದ ವಿಧಾನವನ್ನು ಅಭ್ಯಾಸ ಮಾಡಿ, ಅದನ್ನು ತಮ್ಮ ಹುಡುಗರಿಗೆ ಒಗ್ಗಿಸಿದರು.

1956ರ ನವೆಂಬರ್ 1ರಂದು ಯಾದಗಿರಿ, ಶಹಾಪುರ, ಸುರಪುರಗಳು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ರಹೀಮರ ತಂಡವು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜರು ಮೂರು ಗೋಲುಗಳನ್ನು ಹೊಡೆದರು. ಕನ್ನಡ ನಾಡಿನ ಕೆಂಪಯ್ಯನವರು ಈ ತಂಡದಲ್ಲಿದ್ದರು. ಮುಂದಿನ ಎರಡು ಪಂದ್ಯಗಳಲ್ಲಿ ಸೋತರೂ ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತವು ಮುಟ್ಟಿದ ಅತ್ಯುನ್ನತ ಸ್ಥಾನ ಅದೇ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಪದಕದ ಮಾತು ದೂರವೇ ಉಳಿಯಿತಾದರೂ, ಫ್ರಾನ್ಸ್‌ನೊಡನೆ ಪಂದ್ಯ ಸಮವಾಯಿತು.

1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಹೊರಟಾಗ ರಹೀಮರ ಶರೀರವನ್ನು ಶ್ವಾಸಕೋಶದ ಕ್ಯಾನ್ಸರ್ ಒಳಗಿನಿಂದಲೇ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯದೆದುರು ಸೋಲಾಯಿತು. ಥಾಯ್ಲೆಂಡಿನೊಡನೆ ಆಡುವಾಗ ರಕ್ಷಣಾಪಂಕ್ತಿಯ ಜರ್ನೇಲ್ ಸಿಂಗರ ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಬೇಕಾಯಿತು. ಗೋಲಿನ ಕಾವಲುಗಾರ ಪೀಟರ್ ತಂಗರಾಜರು ಜ್ವರದಿಂದ ಮಲಗಿದರು. ಇದು ಸಾಲದೆಂಬಂತೆ ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟ ಕ್ರಮವನ್ನು ಭಾರತದ ಕ್ರೀಡಾಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ, ಸ್ಥಳೀಯ ಜನರು ಭಾರತದವರ ಮೇಲೆ ಕೆರಳಿದ್ದರು. ಆಟಗಾರರು ಮಾಡದ ತಪ್ಪಿಗೆ ಮೂದಲಿಕೆಯನ್ನು ಆಟಗಾರರೇ ಕೇಳಬೇಕಾಯಿತು.

ಈ ಸಂದರ್ಭದಲ್ಲಿ ರಹೀಮರು ಯಾರೂ ಎಣಿಸದ ನಿರ್ಧಾರ ಕೈಗೊಂಡರು. ತಲೆಗೆ ಗಾಯವಾಗಿದ್ದ ಜರ್ನೇಲ್ ಸಿಂಗರನ್ನು ರಕ್ಷಣೆಯಿಂದ ತೆಗೆದು ದಾಳಿಯ ಮುಂಚೂಣಿಯಲ್ಲಿ ನಿಲ್ಲಿಸಿದರು. ತಪ್ಪಿದ್ದರೆ ಅಪವಾದವೆಲ್ಲ ಅವರೊಬ್ಬರಿಗೇ ಬರುತ್ತಿತ್ತು. ಉಪಾಂತ್ಯ ಪಂದ್ಯದಲ್ಲಿ ಜರ್ನೇಲರು ಒಂದು ಗೋಲು ಹೊಡೆದರು. ದಕ್ಷಿಣ ವಿಯೆಟ್ನಾಮ್ 3–2ರಿಂದ ಸೋತಿತು. ಸೆಪ್ಟೆಂಬರ್ 4ರಂದು ನಡೆದ ಅಂತಿಮ ಪಂದ್ಯದಲ್ಲಿ ಪುನಃ ದಕ್ಷಿಣ ಕೊರಿಯವೇ ಎದುರಾಯಿತು. ಕಾಯಿಲೆಯಿಂದ ಎದ್ದುಬಂದ ತಂಗರಾಜರಿಗೆ ರಹೀಮರು ಗೋಲನ್ನು ಒಪ್ಪಿಸಿದರು. ಸುಮಾರು ಒಂದು ಲಕ್ಷ ಪ್ರೇಕ್ಷಕರ ಕೂಗಿನ ನಡುವೆ ಮೊದಲ ಇಪ್ಪತ್ತು ನಿಮಿಷಗಳಲ್ಲಿಯೇ ಪಿ. ಕೆ. ಬ್ಯಾನರ್ಜಿಯವರೂ ಜರ್ನೇಲ್ ಸಿಂಗರೂ ಒಂದೊಂದು ಗೋಲು ಹೊಡೆದರು. ಕೊನೆಯ ಘಳಿಗೆಯಲ್ಲಿ ಕೊರಿಯವು ಒಂದನ್ನು ತೀರಿಸಿತಾದರೂ ಭಾರತ 2–1ರಿಂದ ಗೆದ್ದಿತು. 2023ರವರೆಗೆ ನಡೆದ ಯಾವ ಏಷ್ಯನ್ ಕ್ರೀಡಾಕೂಟದಲ್ಲಿಯೂ ಭಾರತದ ಪುರುಷರ ತಂಡಕ್ಕೆ ಕಾಲ್ಚೆಂಡಿನ ಚಿನ್ನ ಮತ್ತೆ ದೊರೆಯಲಿಲ್ಲ.

ಆ ಗೆಲುವಿನ ಬಳಿಕ ರಹೀಮರು ಬಹುಕಾಲ ಬಾಳಲಿಲ್ಲ. 1963ರ ಜೂನ್ 11ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರ ಮಗ ಸೈಯದ್ ಶಾಹಿದ್ ಹಕೀಮರು ರೋಮ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿದ್ದರು; ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, ಅಂತರರಾಷ್ಟ್ರೀಯ ಪಂದ್ಯಗಳಿಗೆ ತೀರ್ಪುಗಾರರೂ ಆದರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ಯಾದಗಿರಿಯ ನೆರೆಯ ಕಲಬುರಗಿಯಲ್ಲಿ.