ಸೋಡಾಬುಡ್ಡಿ ಕನ್ನಡಕದ ಕಾಲದ ಕಣ್ಣಿನ ಡಾಕ್ಟರು ಎಂ.ಸಿ. ಮೋದಿ

ಚಿತ್ರದುರ್ಗ: ಹಿರಿಯೂರಿನವರಿರಲಿ, ಹೊಸದುರ್ಗ, ಹೊಳಲ್ಕೆರೆಯವರಿರಲಿ, ಈಗ ಕಣ್ಣಿನ ಪೊರೆ ತೆಗೆಸೋಕೆ ಹೋದರೆ ಯಾವ ಲೆನ್ಸ್ ಹಾಕಬೇಕು ಅನ್ನೋ ಮಾತು ಬಂದೇ ಬರುತ್ತೆ. ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿ ಅವರ ಶಿಬಿರಗಳ ಕಾಲದಲ್ಲಿ ಈ ಮಾತೇ ಇರಲಿಲ್ಲ.

1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಮೋದಿ, 1940ರ ದಶಕದಿಂದ ಊರೂರು ಸುತ್ತಿ ಉಚಿತ ಶಿಬಿರ ನಡೆಸಿದರು. ಸಾಲು ಮೇಜುಗಳ ಮೇಲೆ ರೋಗಿಗಳು. ಒಬ್ಬರದ್ದು ಮುಗೀತಿದ್ದ ಹಾಗೆ ಇನ್ನೊಬ್ಬರದ್ದು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ. ದಾಖಲೆಗಿಂತ, ಆಸ್ಪತ್ರೆ ಕಾಣದ ಹಳ್ಳಿಗರ ಬಳಿಗೆ ಅವರೇ ಹೋದದ್ದು ದೊಡ್ಡದು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು.

ಆದರೆ ಆಗಿನ ವಿಧಾನದಲ್ಲಿ ಪೊರೆಗಟ್ಟಿದ ಮಸೂರ ತೆಗೆದು, ಒಳಗೆ ಬೇರೇನೂ ಇಡ್ತಿರಲಿಲ್ಲ. ಪ್ಲಸ್ 10ರ ಆಸುಪಾಸಿನ ಸೋಡಾಬುಡ್ಡಿ ಕನ್ನಡಕವೇ ಗತಿ. ಅದು ಒಡೆದರೆ ಎದುರಿಗಿದ್ದವರ ಗುರುತೂ ಸಿಗ್ತಿರಲಿಲ್ಲ. ಗಾಯ ದೊಡ್ಡದು, ಮಾಯುವಾಗ ಕಾರ್ನಿಯಾ ಒಂದು ಕಡೆಗೆ ಎಳೆದು ಅಸ್ಟಿಗ್ಮ್ಯಾಟಿಸಂ ಆಗ್ತಿತ್ತು. ಕನ್ನಡಕದಂಗಡಿಯವರು ಸಿಲಿಂಡರ್ ನಂಬರ್ ಅಂತಾರಲ್ಲ, ಅದೇ.

ಲಂಡನ್‌ನ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಕೃತಕ ಲೆನ್ಸ್ ಕೂರಿಸಿದ್ದರು. ಅದು ನಮ್ಮ ಸಾಮಾನ್ಯ ಜನರಿಗೆ ದಕ್ಕಲು ದಶಕಗಳೇ ಹಿಡಿದವು. ಈಗಿನ ಟೋರಿಕ್ ಲೆನ್ಸ್ ಸಿಲಿಂಡರ್ ನಂಬರನ್ನೂ ಒಳಗೇ ಸರಿಮಾಡುತ್ತೆ. ಆದರೆ ಅಳತೆ ಮಾಡಿದ ಕೋನಕ್ಕೇ ಕೂರಬೇಕು. 30 ಡಿಗ್ರಿ ತಿರುಗಿದರೆ ಹಾಕಿಸಿಯೂ ಉಪಯೋಗವಿಲ್ಲ. ಸಿಲಿಂಡರ್ ನಂಬರ್ ಕಡಿಮೆ ಇದ್ದವರಿಗೆ ಅದು ಬೇಕಾಗೋದೂ ಇಲ್ಲ, ದುಡ್ಡು ಕೊಡೋ ಮುಂಚೆ ಕೇಳಿ.

ಮೋದಿ 2005ರ ನವೆಂಬರ್‌ನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸೋಡಾಬುಡ್ಡಿ ಕನ್ನಡಕ ಅಪರೂಪವಾಗಿತ್ತು.