ಹಿಂಡಲಗಾದಿಂದ ಸೊಲ್ಲಾಪುರಕ್ಕೆ

ಬೆಳಗಾವಿಯಿಂದ ವೆಂಗುರ್ಲೆಯ ಕಡೆಗೆ ಹೊರಟ ಹಾದಿಯಲ್ಲಿ ಹಿಂಡಲಗಾ ಕಾರಾಗೃಹವಿದೆ. ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಅದರ ಹೆಬ್ಬಾಗಿಲನ್ನು ದಾಟಿದ ದೇಶಭಕ್ತರು ಅನೇಕರು. ಅವರೊಳಗೆ ಒಂದು ಕವಿತೆಯ ಕಾರಣವಾಗಿ ಸೆರೆಯನ್ನು ಕಂಡವರು, ಅಂಬಿಕಾತನಯದತ್ತರೆಂದು ನಾಡು ಬಲ್ಲ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು.

1896ರ ಜನವರಿ 31ರಂದು ಧಾರವಾಡದಲ್ಲಿ ಜನಿಸಿದ ಬೇಂದ್ರೆಯವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಸಾಕಿ ಸಲಹಿದ ತಾಯಿಯ ಹೆಸರನ್ನೇ ಕಾವ್ಯನಾಮದಲ್ಲಿ ಧರಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ 1918ರಲ್ಲಿ ಪದವೀಧರರಾಗಿ ಮರಳಿ, ಧಾರವಾಡದಲ್ಲಿ ಶಿಕ್ಷಕವೃತ್ತಿಯನ್ನು ಕೈಕೊಂಡರು. 1932ರಲ್ಲಿ 'ಗರಿ' ಸಂಕಲನವು ಹೊರಬಂದಿತು. ಅದರಲ್ಲಿಯ 'ನರಬಲಿ' ಎಂಬ ಕವಿತೆಯಲ್ಲಿ ಬ್ರಿಟಿಷ್ ಸರಕಾರವು ರಾಜದ್ರೋಹವನ್ನು ಕಂಡಿತು. ಮೂರು ತಿಂಗಳು ಹಿಂಡಲಗಾದ ಸೆರೆವಾಸ. ಬಳಿಕ ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ಸುಮಾರು ಒಂಬತ್ತು ತಿಂಗಳ ಸ್ಥಾನಬದ್ಧತೆ.

ವಿಧಿಸಿದ ಶಿಕ್ಷೆ ಅಲ್ಲಿಗೆ ಮುಗಿಯಿತು. ವಿಧಿಸದೆಯೇ ಬಂದ ಶಿಕ್ಷೆ ಆಗ ಆರಂಭವಾಯಿತು. ಇದ್ದ ಉದ್ಯೋಗ ಹೋಗಿತ್ತು. ಸರಕಾರದ ಅನುದಾನವನ್ನು ನೆಚ್ಚಿ ನಡೆಯುವ ಶಾಲೆಗಳಿಗೆ ರಾಜದ್ರೋಹದ ಕಳಂಕ ಹೊತ್ತ ಶಿಕ್ಷಕನನ್ನು ಇರಿಸಿಕೊಳ್ಳುವ ಧೈರ್ಯ ಸುಲಭವಾಗಿ ಬರುವಂತಹುದಲ್ಲ. ಪತ್ನಿ ಲಕ್ಷ್ಮೀಬಾಯಿಯವರೊಡನೆ ಸಂಸಾರದ ಭಾರ ಹೊತ್ತಿದ್ದ ಬೇಂದ್ರೆಯವರು ನಲವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿಯಾಗಿ, 1935ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಆ ಪದವಿಯೂ ಕೂಡಲೇ ಅನ್ನಕ್ಕೆ ದಾರಿಯಾಗಲಿಲ್ಲ. ನಡುವೆ ಸ್ವಲ್ಪಕಾಲ ಗದಗಿನ ಪ್ರೌಢಶಾಲೆಯೊಂದರ ಮುಖ್ಯಾಧ್ಯಾಪಕತ್ವ ದೊರೆತರೂ ಅದು ನಿಲ್ಲಲಿಲ್ಲ. ಬಡತನದ ಜೊತೆಗೆ ಮಕ್ಕಳ ಅಗಲಿಕೆಯ ದುಃಖ ಬೇರೆ. ಈ ದಾಂಪತ್ಯದ ಸುಖದುಃಖಗಳೇ 1937ರ 'ಸಖೀಗೀತ'ಕ್ಕೆ ವಸ್ತುವಾದವು. ಬೇಂದ್ರೆಯವರು ಅಣ್ಣನೆಂದೇ ಭಾವಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಅಕ್ಕರೆ ಆ ದಿನಗಳ ಒಂದು ನೆರಳು.

ಕೀರ್ತಿಯೇನೋ ಬೆಳೆಯುತ್ತಲೇ ಇದ್ದಿತು. 1943ರಲ್ಲಿ ಶಿವಮೊಗ್ಗೆಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಾಡೇ ತಲೆಬಾಗಿದ ಆ ಕವಿಗೆ ಸ್ಥಿರವಾದ ಸಂಬಳ ಮಾತ್ರ ಇನ್ನೂ ಒದಗಿರಲಿಲ್ಲ! ಅದು ಒದಗಿದ್ದು ಮರುವರ್ಷ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ, ಕನ್ನಡದ ಪ್ರಾಧ್ಯಾಪಕರಾಗಿ. ಅಷ್ಟರಲ್ಲಿ ಅವರಿಗೆ ನಲವತ್ತೆಂಟು ವಯಸ್ಸು. ಸೆರೆಮನೆ ಸೇರಿ ಹನ್ನೆರಡು ವರುಷ.

ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯೇ ಈ ಸೊಲ್ಲಾಪುರ. ಮರಾಠಿ, ಕನ್ನಡಗಳೆರಡೂ ಬೀದಿಯಲ್ಲಿ ಕೇಳಿಬರುವ ಊರು. ಮನೆಮಾತು ಮರಾಠಿಯಾಗಿದ್ದು ಕನ್ನಡಕ್ಕೆ ಬಾಳನ್ನು ತೆತ್ತ ಬೇಂದ್ರೆಯವರಿಗೆ ಅದು ಪರಸ್ಥಳವೆನಿಸಿರಲಾರದು. ಹನ್ನೆರಡು ವರುಷ ಕೆಲಸಕ್ಕಾಗಿ ಕಾದವರು ಅಲ್ಲಿ ಹನ್ನೆರಡೇ ವರುಷ ಪಾಠ ಹೇಳಿ, 1956ರಲ್ಲಿ ಧಾರವಾಡಕ್ಕೆ ಮರಳಿದರು. ಮುಂದೆ 'ಅರಳು ಮರಳು' ಕೃತಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, 'ನಾಕುತಂತಿ'ಗೆ ಜ್ಞಾನಪೀಠ ಪ್ರಶಸ್ತಿಯೂ ಸಂದವು. ಆದರೆ ಮರಳಿದ ಕವಿಗೆ ಮೊದಲು ಬಂದ ಕರೆ ಧಾರವಾಡದ ಆಕಾಶವಾಣಿಯದು. ಒಂದು ಸರಕಾರವು ಯಾರ ಮಾತಿಗೆ ಅಂಜಿ ಬಾಗಿಲು ಜಡಿದಿತ್ತೋ, ಅವರನ್ನೇ ಸ್ವತಂತ್ರ ಭಾರತದ ಸರಕಾರಿ ಬಾನುಲಿಯು ಸಲಹೆಗಾರರನ್ನಾಗಿ ಕರೆದು ಕೂರಿಸಿತು.