ಅಫೀಮು ಕರಗಿಸಿ ಗಡಿಪಾರಾದ ಲಿನ್ ಝೆಶು

ಚಕ್ರವರ್ತಿಯ ಆಜ್ಞೆ ಪಾಲಿಸಿಯೂ ಶಿಕ್ಷೆ ಅನುಭವಿಸಿದ ಅಧಿಕಾರಿ ಲಿನ್ ಝೆಶು.

1785ರಲ್ಲಿ ಚೀನಾದ ಫುಝೌನಲ್ಲಿ ಬಡ ಶಿಕ್ಷಕನ ಮಗನಾಗಿ ಜನಿಸಿದ ಆತ, 1811ರಲ್ಲಿ ಸಾಮ್ರಾಜ್ಯದ ಅತ್ಯುನ್ನತ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಚಿಂಗ್ ಆಡಳಿತ ಸೇರಿದನು. ಆಗ ಬ್ರಿಟಿಷ್ ವರ್ತಕರು ಭಾರತದಿಂದ ಸಾಗಿಸುತ್ತಿದ್ದ ಅಫೀಮಿಗೆ ಜನ ದಾಸರಾಗಿದ್ದರು. ದೇಶದ ಬೆಳ್ಳಿ ಹೊರಹೋಗುತ್ತಿತ್ತು. 1839ರಲ್ಲಿ ಡಾವೊಗುವಾಂಗ್ ಚಕ್ರವರ್ತಿ ಈ ವ್ಯಾಪಾರ ನಿಲ್ಲಿಸಲು ಲಿನ್‌ನನ್ನು ಗುವಾಂಗ್‌ಝೌ ಬಂದರಿಗೆ ಕಳುಹಿಸಿದನು. 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡ ಲಿನ್, ಅದಕ್ಕೆ ಉಪ್ಪು, ಸುಣ್ಣ ಬೆರೆಸಿ ಕರಗಿಸಿ ಸಮುದ್ರಕ್ಕೆ ಹರಿಯಬಿಟ್ಟನು.

ಬ್ರಿಟನ್ ಯುದ್ಧನೌಕೆಗಳನ್ನು ಅಟ್ಟಿತು. ಅನಾಹುತದ ಹೊಣೆಯನ್ನು ಲಿನ್ ತಲೆಗೆ ಕಟ್ಟಿದ ಚಕ್ರವರ್ತಿ, ಆತನನ್ನು ದೂರದ ಶಿಂಜಿಯಾಂಗ್‌ಗೆ ಗಡಿಪಾರು ಮಾಡಿದನು. 1842ರ ಒಪ್ಪಂದದಲ್ಲಿ ಹಾಂಕಾಂಗ್ ದ್ವೀಪ ಬ್ರಿಟಿಷರ ಪಾಲಾಯಿತು.

ಮುಂದೆ ಗುವಾಂಗ್‌ಶಿಯ ದಂಗೆ ಅಡಗಿಸಲು ಅರಮನೆಯಿಂದ ಮತ್ತೆ ಕರೆ ಬಂದಾಗ ಲಿನ್ ಹೊರಟನು. 1850ರಲ್ಲಿ ದಾರಿಯಲ್ಲೇ ಕೊನೆಯುಸಿರೆಳೆದನು. ಅಂದು ಅರಮನೆ ದೂಷಿಸಿದ ಆತನನ್ನು ಚೀನಾ ಇಂದು ರಾಷ್ಟ್ರವೀರನೆಂದು ಸ್ಮರಿಸುತ್ತದೆ.